ಸಾರಥಿಯಿಲ್ಲದ ರಥವನ್ನು ನಂಬಬಹುದೆ?

ಮಂಡ್ಯದ ಸಕ್ಕರೆ ಕಾರ್ಖಾನೆಗೆ ಒಂದು ರಾತ್ರಿಯ ಗಾಡಿಪಯಣದಷ್ಟು ದೂರದಲ್ಲಿ ನಮ್ಮ ಹಳ್ಳಿ. 1933ರಲ್ಲಿ ಕಾರ್ಖಾನೆ ಹುಟ್ಟಿದಂದಿನಿಂದ ಆ ಸೀಮೆಯ ಎತ್ತುಗಳಿಗೆ ಹೊಸದೊಂದು ಕಸುಬು ಗಂಟುಬಿದ್ದಿತು. ನಾನು ಹುಡುಗನಾಗಿದ್ದಾಗ, ಕಬ್ಬು ಕಡಿಯುವ ಕಾಲ ಬಂದಿತೆಂದರೆ ರಾತ್ರಿಯೂಟ ಮುಗಿಸಿ ಹೊರಟ ಗಾಡಿಗಳು ಒಂದರ ಹಿಂದೊಂದು ಹತ್ತು ಹದಿನೈದು ಸಾಲುಗಟ್ಟಿ ರಸ್ತೆಯ ಎಡಬದಿ ಹಿಡಿದು ಸಾಗುತ್ತಿದ್ದವು. ಅಚ್ಚಿನ ಕೆಳಗೆ ತೂಗಾಡುವ ಲಾಂದ್ರ, ಕೊರಳ ಗಂಟೆಯ ನಾದ, ಕಬ್ಬಿನ ಹೊರೆಯ ಮೇಲೆ ಕಂಬಳಿ ಹೊದ್ದು ಗಾಢನಿದ್ರೆಯಲ್ಲಿರುವ ಗಾಡಿಕಾರ! ಮುಂದಿನ ಗಾಡಿಯವನೊಬ್ಬ ಎಚ್ಚರವಾಗಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎದುರಿನಿಂದ ಲಾರಿ ಬಂದರೆ ಎತ್ತುಗಳು ತಾವಾಗಿಯೇ ಅಂಚಿಗೆ ಸರಿಯುತ್ತಿದ್ದವು; ಕಿರುಸೇತುವೆ ಬಂದರೆ ನಡುವಿಗೆ ಬರುತ್ತಿದ್ದವು. ಬೆಳಗಿನ ಜಾವ ಕಾರ್ಖಾನೆಯ ಬಾಗಿಲಲ್ಲಿ ಗಾಡಿ ನಿಂತಾಗ, ಚಕ್ರದ ಸದ್ದು ನಿಂತುಹೋದ ನಿಶ್ಶಬ್ದಕ್ಕೇ ಗಾಡಿಕಾರನಿಗೆ ಎಚ್ಚರವಾಗುತ್ತಿತ್ತು.

ಚಾಲಕನಿಲ್ಲದೆ ತಾನಾಗಿ ಓಡುವ ಮೋಟಾರಿನ ಸುದ್ದಿಯನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ಆ ಎತ್ತುಗಳೇ. ಅವನ್ನು ನಂಬಿ ಮಲಗಿದ ನಮ್ಮ ಹಿರಿಯರು ದಡ್ಡರಾಗಿರಲಿಲ್ಲ. ಗಂಟೆಗೆ ಎರಡು ಮೈಲಿ ನಡೆಯುವ ಗಾಡಿ ತಪ್ಪಿದರೂ ಆ ತಪ್ಪು ಚಿಕ್ಕದು; ಹೆಚ್ಚೆಂದರೆ ಗದ್ದೆಗಿಳಿದೀತು. ಅದಲ್ಲದೆ ಎತ್ತಿಗೂ ತನ್ನ ಪ್ರಾಣದ ಮೇಲೆ ಆಸೆಯುಂಟು. ಹಳ್ಳಕ್ಕೆ ಬಿದ್ದರೆ ಗಾಡಿಕಾರನ ಜೊತೆಗೆ ತಾನೂ ಬೀಳುವೆನೆಂಬುದು ಅದಕ್ಕೆ ಗೊತ್ತು. ಈ ಎರಡನೆಯ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಈಗ ಇಂಥ ವಿಚಾರ ನನ್ನ ತಲೆಗೆ ಹತ್ತಿದ್ದೇಕೆಂಬುದನ್ನು ಹೇಳಿಬಿಡಬೇಕು. ಕಳೆದ ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ ಬೆಂಗಳೂರಿನಿಂದ ಬಾಡಿಗೆ ಕಾರೊಂದರಲ್ಲಿ ಮಂಡ್ಯಕ್ಕೆ ಹೊರಟಿದ್ದೆವು. ನಾನು, ನನ್ನ ಮನೆಯಾಕೆ, ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ, ಅವನ ಎಂಟು ವರ್ಷದ ತಂಗಿ. ಹೊರಡುವಾಗಲೇ ರಾತ್ರಿ ಹನ್ನೊಂದು ದಾಟಿತ್ತು. ಚಾಲಕ ಇಪ್ಪತ್ತಾರು ಇಪ್ಪತ್ತೇಳರ ಹುಡುಗ, ವಿನಯಶಾಲಿ, ಮಾತು ಕಡಿಮೆ. ಚನ್ನಪಟ್ಟಣ ದಾಟುವ ವೇಳೆಗೆ ಹಿಂದಿನ ಆಸನದಲ್ಲಿ ಎಲ್ಲರಿಗೂ ಜೊಂಪು ಹತ್ತಿತ್ತು. ಮದ್ದೂರು ಸಮೀಪಿಸುತ್ತಿದ್ದಂತೆ ನನ್ನಾಕೆ ಕಿಟಾರನೆ ಕಿರುಚಿಕೊಂಡಳು. ಕಣ್ಣು ಬಿಟ್ಟು ನೋಡುತ್ತೇನೆ: ಕಾರು ರಸ್ತೆಯ ನಡುವಣ ತಡೆಗೋಡೆಯ ಕಡೆಗೆ, ಯಾವ ಅವಸರವೂ ಇಲ್ಲದೆ, ಹಾಯಾಗಿ ವಾಲಿಕೊಂಡು ಹೋಗುತ್ತಿದೆ. ಹುಡುಗನ ಗಲ್ಲ ಎದೆಗೆ ತಾಗಿದೆ. ಕಿರುಚಿದ ಸದ್ದಿಗೆ ಅವನು ಬೆಚ್ಚಿ ಚಕ್ರ ಹೊರಳಿಸಿದ. ಗೋಡೆಗೂ ನಮಗೂ ಒಂದು ಗೇಣು ಉಳಿದಿತ್ತೋ ಒಂದು ಮೊಳ ಉಳಿದಿತ್ತೋ, ಅಳೆಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಮುಂದೆ ಸರ್ವಿಸ್ ರಸ್ತೆಗೆ ಇಳಿದು ಚಹದ ಅಂಗಡಿಯೊಂದರ ಮುಂದೆ ನಿಲ್ಲಿಸಿದೆವು. ಅವನು ಮುಖ ತೊಳೆದುಕೊಂಡು ಬಂದು ತಲೆ ತಗ್ಗಿಸಿ ನಿಂತ.

“ಏನಪ್ಪಾ, ನಿದ್ದೆ ಮಾಡಿ ಎಷ್ಟು ಹೊತ್ತಾಯಿತು?” ಎಂದು ಕೇಳಿದೆ.

“ನಿನ್ನೆ ಬೆಳಿಗ್ಗೆಯಿಂದ ಗಾಡಿ ಮೇಲೇ ಇದ್ದೀನಿ ಸಾರ್. ಇದು ಮೂರನೇ ಟ್ರಿಪ್ಪು. ತಿಂಗಳ ಕಂತು ಕಟ್ಬೇಕು. ಅಮ್ಮಾ, ತೆಪ್ಪಾಯ್ತು.”

ಬೈಯಬೇಕೆಂದು ಬಾಯಿಗೆ ಬಂದ ಮಾತು ಅಲ್ಲಿಯೇ ನಿಂತಿತು. ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ ಸುಮಾರು ಇಪ್ಪತ್ತೆಂಟು ಮೀಟರು ಮುಂದೆ ಹೋಗುತ್ತದೆ. ಮೂರು ಸೆಕೆಂಡು ಕಣ್ಣು ಮುಚ್ಚಿದನೆಂದರೆ ಎಂಬತ್ತು ಮೀಟರಿಗೂ ಹೆಚ್ಚು ದೂರ ನಮ್ಮ ನಾಲ್ವರ ಪ್ರಾಣ ಯಾರ ಕೈಯಲ್ಲಿಯೂ ಇರಲಿಲ್ಲ. ಮೊಮ್ಮಗ ಚಹದ ಲೋಟ ಹಿಡಿದುಕೊಂಡು, “ತಾತ, ಯಂತ್ರ ಓಡಿಸುತ್ತಿದ್ದರೆ ಹೀಗಾಗುತ್ತಿರಲಿಲ್ಲ. ಯಂತ್ರಕ್ಕೆ ಕಂತೂ ಇಲ್ಲ, ನಿದ್ದೆಯೂ ಇಲ್ಲ” ಎಂದ. ಆ ಹೊತ್ತಿನಲ್ಲಿ ಉತ್ತರ ತೋಚಲಿಲ್ಲ. ಅಂದಿನಿಂದ ಈ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುತ್ತಿದ್ದೇನೆ.

ಹುಡುಗನ ಮಾತಿನಲ್ಲಿ ಹುರುಳಿಲ್ಲದಿಲ್ಲ. ನಮ್ಮ ದೇಶದಲ್ಲಿ 2022ನೆಯ ಇಸವಿಯೊಂದರಲ್ಲಿಯೇ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಇದು ಕೇಂದ್ರ ಸರ್ಕಾರದ ಸಾರಿಗೆ ಇಲಾಖೆಯೇ ಪ್ರಕಟಿಸಿದ ಲೆಕ್ಕ. ದಿನಕ್ಕೆ ನಾನೂರ ಅರವತ್ತಕ್ಕೂ ಹೆಚ್ಚು ಜನ! ಒಂದು ದೊಡ್ಡ ವಿಮಾನದ ತುಂಬ ಜನ ಪ್ರತಿದಿನ ನೆಲಕ್ಕಪ್ಪಳಿಸಿ ಸಾಯುತ್ತಿದ್ದರೆ ನಾವು ಸುಮ್ಮನಿರುತ್ತಿದ್ದೆವೆ? ಈ ಸಾವುಗಳಲ್ಲಿ ಬಹುಪಾಲಿಗೆ ಅತಿವೇಗವೇ ಕಾರಣವೆಂದು ಅದೇ ಲೆಕ್ಕ ಹೇಳುತ್ತದೆ. ನಿದ್ದೆ, ಕುಡಿತ, ಕಿವಿಗಂಟಿದ ಮೊಬೈಲು, ಹಿಂದಿನ ಕಾರಿನವನು ಮುಂದೆ ಹೋದನೆಂಬ ಹಠ – ಇವು ಯಾವುವೂ ಯಂತ್ರದ ಸ್ವಭಾವದಲ್ಲಿಲ್ಲ.

ಈ ವಾಹನಗಳಿಗೆ ಕಣ್ಣು ಒಂದಲ್ಲ, ಹಲವು. ಸುತ್ತಲೂ ಕ್ಯಾಮೆರಾಗಳು, ಮಂಜಿನಲ್ಲಿಯೂ ದೂರವನ್ನೂ ವೇಗವನ್ನೂ ಅಳೆಯುವ ರಾಡಾರು, ಅನೇಕ ಕಾರುಗಳ ನೆತ್ತಿಯ ಮೇಲೆ ಲೇಸರ್ ಕಿರಣಗಳನ್ನು ಎರಚಿ, ಅವು ಮರಳಿಬರುವ ಕಾಲವನ್ನು ಎಣಿಸಿ, ಸುತ್ತಣ ಜಗತ್ತಿನ ಆಕಾರವನ್ನು ಕ್ಷಣಕ್ಷಣಕ್ಕೂ ಬಿಡಿಸಿಕೊಳ್ಳುವ ಲೈಡಾರ್ ಎಂಬ ಉಪಕರಣ. ಇವೆಲ್ಲ ತಂದುಕೊಟ್ಟ ವರದಿಯನ್ನು ಗಣಕಯಂತ್ರ ಜೋಡಿಸಿ, ‘ಇದು ಲಾರಿ, ಇದು ಮನುಷ್ಯ, ಇದು ಕಂಬ’ ಎಂದು ತೀರ್ಮಾನಿಸಿ, ಮುಂದಿನ ಗಳಿಗೆಯಲ್ಲಿ ಯಾವುದು ಎಲ್ಲಿರುವುದೆಂದು ಊಹಿಸಿ ಚಕ್ರ ತಿರುಗಿಸುತ್ತದೆ. ಅಮೆರಿಕದ ಫೀನಿಕ್ಸ್, ಸಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್ ಮೊದಲಾದ ನಗರಗಳಲ್ಲಿ ವೇಮೋ ಎಂಬ ಸಂಸ್ಥೆಯ ಕಾರುಗಳು ಮುಂದಿನ ಆಸನದಲ್ಲಿ ಯಾರೂ ಇಲ್ಲದೆಯೇ ಬಾಡಿಗೆಗೆ ಓಡುತ್ತಿವೆ. ಆ ಸಂಸ್ಥೆಯೂ ಸ್ವಿಸ್ ರೀ ಎಂಬ ವಿಮಾಸಂಸ್ಥೆಯೂ ಸೇರಿ 2024ರಲ್ಲಿ ಒಂದು ಲೆಕ್ಕ ಹೊರಗೆಡವಿದವು: ಸುಮಾರು ನಾಲ್ಕು ಕೋಟಿ ಕಿಲೋಮೀಟರು ಓಟದಲ್ಲಿ, ಜನರಿಗೆ ಗಾಯವಾಯಿತೆಂದು ಬಂದ ವಿಮಾ ಬೇಡಿಕೆಗಳು ಮನುಷ್ಯ ಚಾಲಕರಿಗೆ ಹೋಲಿಸಿದರೆ ನೂರಕ್ಕೆ 92ರಷ್ಟು ಕಡಿಮೆ. ತನ್ನ ಅಂಗಡಿಯ ಮೊಸರು ಹುಳಿಯೆಂದು ಯಾರೂ ಹೇಳುವುದಿಲ್ಲ, ನಿಜ. ಆದರೆ ವಿಮೆಯವರು ಲೆಕ್ಕದಲ್ಲಿ ಉದಾರಿಗಳಲ್ಲವೆಂಬುದು ವಿಮೆ ಮಾಡಿಸಿದ ಓದುಗರಿಗೆಲ್ಲ ತಿಳಿದೇ ಇದೆ. ಈ ಅಂಕಿಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಯಂತ್ರವನ್ನು ನಂಬುವುದು ನಮಗೇನು ಹೊಸದೆ? ಹಿಂದೆ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತ ನೌಕರನೊಬ್ಬ ಗುಂಡಿ ಒತ್ತುತ್ತಿದ್ದ. ಅವನು ಮಾಯವಾದದ್ದನ್ನು ಯಾರೂ ಗಮನಿಸಲೂ ಇಲ್ಲ. ದೆಹಲಿಯಲ್ಲಿ 2020ರ ಡಿಸೆಂಬರಿನಲ್ಲಿ ಚಾಲಕನಿಲ್ಲದ ಮೆಟ್ರೋ ರೈಲು ಓಡಿತು. ಬೆಂಗಳೂರಿನಲ್ಲಿ 2025ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗಕ್ಕೆ ತಂದ ರೈಲುಗಳೂ ಚಾಲಕನಿಲ್ಲದೆ ಓಡಲು ಸಮರ್ಥವಾದುವೇ. ಆದರೆ ಲಿಫ್ಟಿಗೆ ಗುಂಡಿಯುಂಟು, ಮೆಟ್ರೋಗೆ ಕಂಬಿಯುಂಟು. ಕಂಬಿಯ ಮೇಲೆ ಎಮ್ಮೆ ಮಲಗುವುದಿಲ್ಲ. ಆ ದಾರಿ ಯಂತ್ರಕ್ಕೆ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತದೆ. ನನಗೆ ತೋರುವ ಮಟ್ಟಿಗೆ ಇಡೀ ಪ್ರಶ್ನೆಯ ಮರ್ಮ ಇಲ್ಲಿದೆ. ‘ಯಂತ್ರವೋ ಮನುಷ್ಯನೋ’ ಎಂದು ಬರಿದೆ ಕೇಳುವುದಕ್ಕಿಂತ, ‘ಯಾವ ದಾರಿಯಲ್ಲಿ?’ ಎಂದು ಮೊದಲು ಕೇಳಬೇಕು. ಮಂಡ್ಯ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸಲು ಎರಡು ಬಗೆಯ ದಾರಿಗಳು ಒಂದರ ಮಗ್ಗುಲಿಗೊಂದು ಇವೆ.

ಒಂದನೆಯದು ಬೆಂಗಳೂರು–ಮೈಸೂರು ಹೆದ್ದಾರಿ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿಗಳು ಇದನ್ನು ಉದ್ಘಾಟಿಸಿದರು. ನಡುವೆ ಆರು ಪಥಗಳು, ಎರಡು ಪಕ್ಕಗಳಲ್ಲಿಯೂ ಸರ್ವಿಸ್ ರಸ್ತೆ. ಸುಮಾರು 118 ಕಿಲೋಮೀಟರು. ಊರುಗಳನ್ನೆಲ್ಲ ಬದಿಗೆ ಬಿಟ್ಟು ಓಡುವ ಈ ದಾರಿಯಿಂದ ಮದ್ದೂರಿನ ವಡೆಗೆ ಗಿರಾಕಿ ತಪ್ಪಿತೆಂಬ ಗೋಳು ಬೇರೆ. ಅದನ್ನು ಇನ್ನೊಮ್ಮೆ ಬರೆಯೋಣ. ಹೆದ್ದಾರಿ ತೆರೆದ ಮೊದಲ ತಿಂಗಳುಗಳಲ್ಲಿ ನಮ್ಮ ಜನ ಅದರ ಮೇಲೆ ಹಾರಿದರೆಂದೇ ಹೇಳಬೇಕು. 2023ರ ಮೇ, ಜೂನ್ ತಿಂಗಳುಗಳಲ್ಲಿ ತಿಂಗಳಿಗೆ ಇಪ್ಪತ್ತೈದಕ್ಕೂ ಹೆಚ್ಚು ಜನ ಆ ರಸ್ತೆಯ ಮೇಲೆ ಸತ್ತರು. ಬಳಿಕ ಪೋಲೀಸರು ವೇಗವನ್ನು ಅಳೆಯುವ ಉಪಕರಣ ಹಿಡಿದು ನಿಂತರು. ಗಂಟೆಗೆ ನೂರು ಕಿಲೋಮೀಟರಿನ ಮಿತಿಯನ್ನು ಕಟ್ಟುನಿಟ್ಟು ಮಾಡಿದರು. ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರುಗಳು ಮುಖ್ಯಪಥಕ್ಕೆ ಬರಕೂಡದೆಂದು ಆಜ್ಞೆಯಾಯಿತು. ಸಾವಿನ ಸಂಖ್ಯೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹತ್ತಕ್ಕಿಂತ ಕೆಳಗಿಳಿಯಿತು. ಮುಂದೆ ನಂಬರು ಫಲಕವನ್ನು ತಾವೇ ಓದಿ ದಂಡದ ಚೀಟಿ ಕಳಿಸುವ ಕ್ಯಾಮೆರಾಗಳೂ ಬಂದವು.

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಜೂನ್ ತಿಂಗಳಿನ ಚಾಲಕರೇ ಜುಲೈ ತಿಂಗಳಿನಲ್ಲಿಯೂ ಚಾಲಕರು. ಅವರ ಕಣ್ಣು ಚುರುಕಾಗಲಿಲ್ಲ, ಕೈ ಪಳಗಲಿಲ್ಲ. ಅವರ ಪಾದವನ್ನು ಹಿಡಿದಿಡುವ ಒಂದು ಕಣ್ಣು ರಸ್ತೆಯ ಬದಿಗೆ ಬಂದಿತು, ದಾರಿಯಿಂದ ಗೊಂದಲ ಕಳೆಯಿತು, ಅಷ್ಟೇ. ಅಷ್ಟಕ್ಕೇ ಒಂದು ತಿಂಗಳಲ್ಲಿ ಇಷ್ಟು ಮನೆಗಳ ದೀಪ ಉಳಿಯುವುದಾದರೆ, ವೇಗದ ಮಿತಿಯನ್ನು ಮೀರಬೇಕೆಂಬ ಆಸೆಯೇ ಇಲ್ಲದ, ಮೂರನೆಯ ಟ್ರಿಪ್ಪಿನಲ್ಲಿಯೂ ಕಣ್ಣು ಮುಚ್ಚದ ಯಂತ್ರವನ್ನು ಆ ಹೆದ್ದಾರಿಯಲ್ಲಿ ನಂಬುವುದಕ್ಕೆ ನನಗೆ ಅಡ್ಡಿಯಿಲ್ಲ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ನಡುವೆ ಗೋಡೆಯಿದೆ, ಗೆರೆಗಳು ಎದ್ದು ಕಾಣುತ್ತವೆ. ಅಂದಿನ ರಾತ್ರಿ ಮದ್ದೂರಿನ ಬಳಿ ಚಕ್ರ ಯಾರ ಕೈಯಲ್ಲಿರಬೇಕಿತ್ತೆಂದು ನನ್ನ ಮನೆಯಾಕೆಯನ್ನು ಕೇಳಿದರೆ, ಅವಳ ಉತ್ತರವೂ ಇದೇ.

ಎರಡನೆಯ ದಾರಿ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ. ಮಳವಳ್ಳಿ ನನ್ನಾಕೆಯ ತವರಾದ್ದರಿಂದ ಈ ರಸ್ತೆಯ ಪರಿಚಯ ನನಗೆ ಐವತ್ತು ವರ್ಷಗಳದು. ಅದರ ಸ್ವಭಾವವನ್ನು ಯಂತ್ರಕ್ಕೆ ಹೇಗೆ ತಿಳಿಸಿ ಹೇಳುವುದೋ ಕಾಣೆ. ಕಬ್ಬಿನ ಕಾಲದಲ್ಲಿ ಎರಡೆರಡು ಟ್ರೈಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಮನೆಯ ಮಾಡಿನೆತ್ತರದ ಹೊರೆ ಹೊತ್ತು ಬರುತ್ತವೆ. ಜಲ್ಲೆಗಳು ಎರಡೂ ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಹಿಂದೆ ಕೆಂಪು ದೀಪವೆಂಬುದು ಹಲವಕ್ಕೆ ಇರುವುದೇ ಇಲ್ಲ. ಸುಗ್ಗಿ ಬಂದಿತೆಂದರೆ ರಸ್ತೆಯೇ ಕಣ. ಹುರುಳಿಯನ್ನೂ ರಾಗಿಯ ತೆನೆಯನ್ನೂ ಡಾಂಬರಿನ ಮೇಲೆ ಹರಡಿ, ಹೋಗಿಬರುವ ವಾಹನಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ಉಪಾಯ ನಮ್ಮ ಸೀಮೆಯದು. ಅದರ ಮೇಲೆ ಸ್ಕೂಟರು ಜಾರಿ ಬಿದ್ದವರುಂಟು. ಹುರುಳಿಯ ಬಳ್ಳಿ ಕಾರಿನಡಿ ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಉಂಟು. ಗಣಕಯಂತ್ರದ ಕಣ್ಣಿಗೆ ಅದು ಏನಾಗಿ ಕಾಣುವುದು? ಗುಡ್ಡವೆ? ಹುಲ್ಲೆ? ನಿಲ್ಲಬೇಕೆ, ಹಾಯಬೇಕೆ? ನಿಂತರೆ ಸಂಜೆಯವರೆಗೂ ನಿಲ್ಲಬೇಕು.

ಇಂಥ ರಸ್ತೆಯಲ್ಲಿ ಚಾಲನೆಯೆಂದರೆ ಅರ್ಧ ಕೈಕಾಲಿನ ಕೆಲಸ, ಇನ್ನರ್ಧ ಮಾತುಕತೆ. ಎದುರಿನ ಬಸ್ಸಿನವನು ದೀಪವನ್ನು ಒಮ್ಮೆ ಮಿಣುಕಿಸಿದರೆ ‘ನಾನು ಬರುತ್ತೇನೆ, ನೀನು ನಿಲ್ಲು’ ಎಂದರ್ಥ. ಟ್ರ್ಯಾಕ್ಟರಿನವನು ಹಿಂದಕ್ಕೆ ಕೈ ಚಾಚಿ ಬೀಸಿದರೆ ‘ಮುಂದೆ ಖಾಲಿ ಇದೆ, ಹೋಗಪ್ಪಾ’ ಎಂದು. ಕುರಿ ಕಾಯುವವನು ಕೋಲನ್ನು ಅಡ್ಡ ಹಿಡಿದರೆ ಒಂದು, ನೆಟ್ಟಗೆ ಹಿಡಿದರೆ ಇನ್ನೊಂದು. ಮುದುಕಿಯೊಬ್ಬಳು ರಸ್ತೆಯಂಚಿನಲ್ಲಿ ನಿಂತಿದ್ದರೆ, ಅವಳು ಬಸ್ಸಿಗೆ ಕಾದಿದ್ದಾಳೆಯೇ ದಾಟಲು ಕಾದಿದ್ದಾಳೆಯೇ ಎಂಬುದನ್ನು ಅವಳ ಸೆರಗು ಹಿಡಿದ ರೀತಿಯಿಂದಲೇ ಹೇಳಬಲ್ಲ ಚಾಲಕರಿದ್ದಾರೆ.

ದಾಟುವವರ ಮಾತು ಬಂದದ್ದರಿಂದ ಒಂದು ಘಟನೆಯನ್ನು ಹೇಳಲೇಬೇಕು. ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ಎಂಬ ಊರಿನಲ್ಲಿ 2018ರ ಮಾರ್ಚ್ 18ರ ರಾತ್ರಿ, ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬಳಿಗೆ ಊಬರ್ ಸಂಸ್ಥೆಯ ಪರೀಕ್ಷಾ ಕಾರು ಡಿಕ್ಕಿ ಹೊಡೆದು ಆಕೆ ಸತ್ತಳು. ತಾನಾಗಿ ಓಡುವ ಕಾರಿಗೆ ಸಿಕ್ಕಿ ಪಾದಚಾರಿಯೊಬ್ಬರು ಸತ್ತದ್ದು ಅದೇ ಮೊದಲು. ಯಂತ್ರ ಅವಳನ್ನು ಕಾಣಲಿಲ್ಲವೆ? ಕಂಡಿತ್ತು. ಡಿಕ್ಕಿಗೆ ಐದು ಸೆಕೆಂಡಿಗೂ ಮುಂಚೆಯೇ ಕಂಡಿತ್ತು. ಆದರೆ ಅದನ್ನು ಒಮ್ಮೆ ವಾಹನವೆಂದು, ಒಮ್ಮೆ ಏನೋ ಒಂದು ವಸ್ತುವೆಂದು, ಒಮ್ಮೆ ಸೈಕಲ್ಲೆಂದು ಬಗೆಯುತ್ತ, ಪ್ರತಿಸಲವೂ ಹೊಸದಾಗಿ ಎಣಿಕೆ ಆರಂಭಿಸುತ್ತ ಕಾಲ ಕಳೆಯಿತು. ದಾಟಲು ಗೊತ್ತುಮಾಡಿದ ಪಟ್ಟೆಯ ಹೊರಗೆ ಮನುಷ್ಯರು ರಸ್ತೆ ದಾಟಿಯಾರೆಂಬ ಎಣಿಕೆಯೇ ಅದರ ರಚನೆಯಲ್ಲಿ ಇರಲಿಲ್ಲವೆಂದು ಅಲ್ಲಿನ ಸರ್ಕಾರಿ ತನಿಖಾ ಮಂಡಳಿ 2019ರಲ್ಲಿ ಹೇಳಿತು. ಓದುಗರೇ, ಪಟ್ಟೆಯ ಮೇಲೆಯೇ ದಾಟುವವರನ್ನು ಮಳವಳ್ಳಿಯ ರಸ್ತೆಯಲ್ಲಿ ನೀವೆಂದಾದರೂ ಕಂಡಿದ್ದೀರಾ?

ಅಂದಿನಿಂದ ಆ ವಿದ್ಯೆ ಬಹಳ ಮುಂದುವರಿದಿದೆ. ವೇಮೋದ ಅಂಕಿಗಳೇ ಅದಕ್ಕೆ ಸಾಕ್ಷಿ. ಆದರೂ 2025ರ ಡಿಸೆಂಬರಿನಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ಕರೆಂಟು ಹೋಗಿ ಸಂಕೇತದೀಪಗಳು ಆರಿದಾಗ, ಈ ಕಾರುಗಳಲ್ಲಿ ಹಲವು ನಡುರಸ್ತೆಯಲ್ಲಿ ನಿಂತು ಬಿಟ್ಟವು. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ತಾಲ್ಲೂಕು ನಮ್ಮ ಮಳವಳ್ಳಿ. ಕರೆಂಟು ಹೋದರೆ ಏನು ಮಾಡಬೇಕೆಂಬುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಮೊಮ್ಮಗ ಇದಕ್ಕೂ ಉತ್ತರ ಕೊಡುತ್ತಾನೆ. ನಮ್ಮ ರಸ್ತೆಗಳನ್ನೇ ನೋಡಿ ಕಲಿಯುವ ಯಂತ್ರಗಳನ್ನು ನಮ್ಮವರೇ ಮಾಡುತ್ತಿದ್ದಾರೆಂದು ಅವನ ವಾದ. ಬೆಂಗಳೂರಿನ ಮೈನಸ್ ಜೀರೋ ಎಂಬ ಸಂಸ್ಥೆ 2023ರಲ್ಲಿ ಇಂಥದೊಂದು ವಾಹನವನ್ನು ಪ್ರದರ್ಶಿಸಿತು. ಭಾರತೀಯ ವಿಜ್ಞಾನ ಸಂಸ್ಥೆ, ವಿಪ್ರೋ, ಆರ್.ವಿ. ಇಂಜಿನಿಯರಿಂಗ್ ಕಾಲೇಜು ಸೇರಿ ನಡೆಸಿದ ಪ್ರಯತ್ನದಿಂದ 2025ರಲ್ಲಿ ಇನ್ನೊಂದು ಕಾರು ಹೊರಬಂದಿತು. ಹುಡುಗರು ಕಲಿಸಲಿ, ಯಂತ್ರ ಕಲಿಯಲಿ. ಎತ್ತುಗಳೂ ಒಂದೇ ದಿನದಲ್ಲಿ ಕಾರ್ಖಾನೆಯ ದಾರಿ ಕಲಿಯಲಿಲ್ಲ.

ಆದರೆ ಯಂತ್ರ ಕಲಿಯುವತನಕ ನಾವು ಕಾಯುತ್ತ ಕೂರಬೇಕೆ ಎಂಬುದು ನನ್ನ ಚಿಂತೆ. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. ಮೂವತ್ತು ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಅದೇ ರಾತ್ರಿ ನಟ ಅಂಬರೀಷ್ ಅವರೂ ತೀರಿಕೊಂಡ ಸುದ್ದಿ ಬಂದು, ಮಂಡ್ಯಕ್ಕೆ ಒಂದೇ ದಿನ ಎರಡು ಸೂತಕಗಳಾದವು. ಕನ್ನಂಬಾಡಿಯ ನೀರನ್ನು ಹೊತ್ತು ತಂದು ಈ ಸೀಮೆಯನ್ನು ಹಸಿರು ಮಾಡಿದ ನಾಲೆಯದು. ಅದರ ಏರಿಯ ಮೇಲಣ ರಸ್ತೆಗೆ ಎಷ್ಟೋ ಕಡೆ ಮೊಣಕಾಲೆತ್ತರದ ಗೋಡೆಯೂ ಇರಲಿಲ್ಲ. ಐದು ವರ್ಷಗಳ ಮೇಲೆ, 2023ರ ನವೆಂಬರಿನಲ್ಲಿ, ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ನಾಲೆಗೆ ಬಿದ್ದು ಐವರು ಸತ್ತರು.

ಯಂತ್ರವಿದ್ದಿದ್ದರೆ ಆ ಮಕ್ಕಳು ಬದುಕುತ್ತಿದ್ದರೆ? ಹೇಳಲಾರೆ, ಹೇಳುವುದು ಸತ್ತವರ ಮನೆಯವರಿಗೆ ಮಾಡುವ ಅಪಚಾರವೂ ಆದೀತು. ಆದರೆ ಒಂದು ಮಾತು ನಿಶ್ಚಯ. ನಾಲೆಯ ಬದಿಗೆ ಕಟ್ಟಿದ ಗೋಡೆ ನಿದ್ದೆ ಮಾಡುವ ಚಾಲಕನನ್ನೂ ತಡೆಯುತ್ತದೆ, ತಪ್ಪೆಣಿಸಿದ ಯಂತ್ರವನ್ನೂ ತಡೆಯುತ್ತದೆ. ಟ್ರೈಲರಿನ ಹಿಂದೆ ಅಂಟಿಸಿದ ಹೊಳೆಯುವ ಕೆಂಪು ಪಟ್ಟಿ ಮನುಷ್ಯನ ಕಣ್ಣಿಗೂ ಕಾಣುತ್ತದೆ, ಕ್ಯಾಮೆರಾದ ಕಣ್ಣಿಗೂ ಕಾಣುತ್ತದೆ. ಅದಕ್ಕೆ ಕೋಟಿಗಟ್ಟಲೆ ಹಣವೂ ಬೇಡ, ಅಮೆರಿಕದ ಅನುಭವವೂ ಬೇಡ. ಗಾಡಿಯ ಅಚ್ಚಿಗೆ ಲಾಂದ್ರ ಕಟ್ಟಿದ ನಮ್ಮ ಹಿರಿಯರಿಗೆ ಇಷ್ಟು ತಿಳಿದಿತ್ತು.

ಇನ್ನು ಎತ್ತಿನ ಪ್ರಾಣದಾಸೆಯ ಮಾತಿಗೆ ಬರುತ್ತೇನೆ. ಮನುಷ್ಯ ಚಾಲಕನನ್ನು ನಾವು ನಂಬುವುದು ಅವನ ಕೈಚಳಕವೊಂದನ್ನೇ ನೋಡಿ ಅಲ್ಲ. ಅವನ ಪ್ರಾಣವೂ ಅದೇ ಗಾಡಿಯಲ್ಲಿದೆ. ತಪ್ಪಿದರೆ ಅವನು ಠಾಣೆಗೆ ಹೋಗಬೇಕು, ಕಟಕಟೆಯಲ್ಲಿ ನಿಲ್ಲಬೇಕು. ಅಪಘಾತವಾದಾಗ ಪೋಲೀಸರು ಬರೆಯುವ ವರದಿಯಲ್ಲಿ ‘ಚಾಲಕನ ಅತಿವೇಗ ಮತ್ತು ಅಜಾಗರೂಕತೆಯ ಚಾಲನೆಯಿಂದ’ ಎಂಬ ವಾಕ್ಯ ಎಷ್ಟು ಸಲ ಬಂದಿದೆಯೆಂದರೆ ನಮ್ಮ ಮಕ್ಕಳಿಗೂ ಬಾಯಿಪಾಠವಾಗಿದೆ. ಯಂತ್ರಕ್ಕೆ ಅತಿವೇಗವೂ ಇಲ್ಲ, ಅಜಾಗರೂಕತೆಯೂ ಇಲ್ಲ. ಆದರೂ ಮನುಷ್ಯ ಸತ್ತರೆ ಆ ಜಾಗದಲ್ಲಿ ಯಾರ ಹೆಸರು ಬರೆಯುವುದು? ಪರಿಹಾರದ ನ್ಯಾಯಾಧಿಕರಣದಲ್ಲಿ ಮಗನನ್ನು ಕಳೆದುಕೊಂಡ ತಾಯಿ ಯಾರತ್ತ ಬೆರಳು ತೋರಿಸಬೇಕು? ಕಾರಿನ ಒಡೆಯನನ್ನೆ, ಮಾಡಿದ ಕಾರ್ಖಾನೆಯನ್ನೆ, ಎಲ್ಲಿಯೋ ಕೂತು ಲೆಕ್ಕ ಬರೆದ ಎಂಜಿನಿಯರನ್ನೆ? ಟೆಂಪಿಯ ಪ್ರಕರಣದಲ್ಲಿ ಸಂಸ್ಥೆಯ ಮೇಲೆ ಕ್ರಿಮಿನಲ್ ಆರೋಪ ಬರಲಿಲ್ಲ. ಯಂತ್ರದ ಮೇಲೆ ನಿಗಾ ಇಡಲು ಕೂತಿದ್ದ ನೌಕರಳ ಗಮನ ಆಗ ಫೋನಿನ ಮೇಲಿತ್ತೆಂದು ತನಿಖೆ ಹೇಳಿತು. 2023ರಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೆ ಗುರಿಯಾದವಳು ಅವಳೊಬ್ಬಳೇ.

ಆ ನೌಕರಳ ಕಥೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಗಂಟೆಗಟ್ಟಲೆ ಯಂತ್ರ ತಾನೇ ಸರಿಯಾಗಿ ಓಡಿಸುತ್ತಿದ್ದರೆ ಪಕ್ಕದಲ್ಲಿ ಕೂತವರ ಮನಸ್ಸು ಎಚ್ಚರವಾಗಿರಲೊಲ್ಲದು. ಅರ್ಧ ಯಂತ್ರ, ಅರ್ಧ ಮನುಷ್ಯ ಎಂಬ ವ್ಯವಸ್ಥೆಯಲ್ಲಿ ‘ಈಗ ನೀನು ಹಿಡಿ’ ಎಂದು ಯಂತ್ರ ಕೈಬಿಟ್ಟ ಗಳಿಗೆ ಬಹಳ ಅಪಾಯದ್ದು. ಗಾಡಿಕಾರನಿಗಾದರೋ ಕಣ್ಣುಜ್ಜಿಕೊಳ್ಳಲು ಸಮಯವಿತ್ತು. ಸೆಕೆಂಡಿಗೆ ಇಪ್ಪತ್ತೆಂಟು ಮೀಟರು ಓಡುವವನಿಗೆ ಎಲ್ಲಿದೆ?

ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿಯೂ, ಮತ್ತೆ 2023ರಲ್ಲಿಯೂ, ಚಾಲಕನಿಲ್ಲದ ಕಾರುಗಳನ್ನು ಭಾರತಕ್ಕೆ ಬಿಡುವುದಿಲ್ಲವೆಂದು ಹೇಳಿದರು. ಅವರು ಕೊಟ್ಟ ಕಾರಣ ಲಕ್ಷಾಂತರ ಚಾಲಕರ ಅನ್ನ. ಆ ಕಾರಣವನ್ನು ನಾನು ಅಲ್ಲಗಳೆಯಲಾರೆ. ಅಂದು ರಾತ್ರಿ ತಲೆ ತಗ್ಗಿಸಿ ನಿಂತ ಹುಡುಗನ ಮುಖ ಕಣ್ಣ ಮುಂದಿದೆ. ಆದರೆ ಅವನ ಅನ್ನವನ್ನು ಕಾಯಬೇಕೆಂದರೆ ಅವನ ನಿದ್ದೆಯನ್ನೂ ಕಾಯಬೇಡವೆ? ಕಣ್ಣು ಮುಚ್ಚಿದೊಡನೆ ಗಂಟೆ ಬಾರಿಸುವ, ಗೆರೆ ದಾಟಿದೊಡನೆ ಚಕ್ರ ನಡುಗಿಸುವ, ಎದುರಿಗೆ ಅಡ್ಡ ಬಂದರೆ ತಾನೇ ಬ್ರೇಕು ಒತ್ತುವ ಉಪಕರಣಗಳು ಹೊಸ ಕಾರುಗಳಲ್ಲಿ ಬರುತ್ತಿವೆ. ದುಬಾರಿ ಕಾರಿನ ಒಡೆಯನಿಗೆ ಸಿಗುವ ಈ ಕಾವಲು, ಕಂತು ಕಟ್ಟಲು ರಾತ್ರಿ ಹಗಲು ದುಡಿಯುವ ಬಾಡಿಗೆ ಚಾಲಕನಿಗೆ ಮೊದಲು ಸಿಗಬೇಕಾಗಿತ್ತು.

ಎರಡು ತಿಂಗಳ ಹಿಂದೆ ಮಳವಳ್ಳಿಯಲ್ಲಿ ಒಂದು ಮದುವೆ. ಅದೇ ಹುಡುಗನಿಗೆ ಫೋನು ಮಾಡಿದೆ. ಮನೆಯಾಕೆ ಮೊದಲು ಹುಬ್ಬು ಗಂಟಿಕ್ಕಿದಳು. ಬೆಳಿಗ್ಗೆ ಏಳಕ್ಕೆ ಹೊರಡುವುದೆಂದೂ, ಹಿಂದಿನ ರಾತ್ರಿ ಅವನು ಬಾಡಿಗೆ ಹಿಡಿಯಕೂಡದೆಂದೂ ಕರಾರು ಮಾಡಿಕೊಂಡು ಒಪ್ಪಿದಳು. ಅವನು ಅದಕ್ಕೆ ತಪ್ಪಲಿಲ್ಲ. ಮದ್ದೂರಿನಲ್ಲಿ ಹೆದ್ದಾರಿ ಬಿಟ್ಟಿಳಿದು ವಡೆ ತಿಂದು ಮುಂದೆ ಹೊರಟೆವು. ಊರೊಂದರ ಬಳಿ ರಸ್ತೆಯಲ್ಲಿ ಅಡ್ಡಲಾಗಿ ಹುರುಳಿ ಹರಡಿತ್ತು. ಹುಡುಗ ಕಾರು ನಿಲ್ಲಿಸಿ ಇಳಿದ. ಕಣದ ಒಡತಿಯಾದ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು, “ಹತ್ಸ್ಕೊಂಡ್ ಹೋಗಪ್ಪ, ಒಕ್ದಂಗಾಯ್ತದೆ” ಎಂದಳು. “ಬ್ಯಾಡ ಕಣಜ್ಜಿ, ಬಳ್ಳಿ ಸುತ್ಕೊಂಡ್ರೆ ಬೆಂಕಿ ಹತ್ಕೊಂಡುಬಿಡ್ತದೆ, ಮಗು ಅದೆ ಒಳಗೆ” ಎಂದು ಅವನು ನಕ್ಕ. ಇಬ್ಬರೂ ಸೇರಿ ಕವೆಗೋಲಿನಿಂದ ಒಂದು ಪಕ್ಕ ದಾರಿ ಬಿಡಿಸಿದರು.

ಮತ್ತೆ ಹೊರಟ ಮೇಲೆ ಅವನನ್ನೇ ಕೇಳಿದೆ: “ಡ್ರೈವರ್ ಇಲ್ಲದ ಕಾರು ಬರುತ್ತದಂತೆ. ನೀನೇನು ಹೇಳುತ್ತೀಯಪ್ಪಾ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

“ಬರ್ಲಿ ಬುಡಿ ಸಾರ್. ಹೈವೇನಲ್ಲಿ ಅದೇ ಓಡಿಸ್ಲಿ, ನಾನು ಹಿಂದ್ಗಡೆ ಮಲೀಕತೀನಿ. ಮದ್ದೂರು ಬಂದಾಗ ಎಬ್ಬಿಸ್ಲಿ.”

“ಎಬ್ಬಿಸಿದ ಕೂಡಲೆ ಎದ್ದುಬಿಡುತ್ತೀಯಾ?” ಎಂದು ಹಿಂದಿನಿಂದ ನನ್ನಾಕೆ ಕೇಳಿದಳು.

“ಇಲ್ಲ ಕಣಮ್ಮಾ. ಒಂದು ಟೀ ಕುಡೀಬೇಕಾಯ್ತದೆ” ಎಂದ ಅವನು, ಮುಂದಿನ ತಿರುವಿನಲ್ಲಿ ಕಬ್ಬಿನ ಟ್ರೈಲರೊಂದು ನಿಂತಿದ್ದುದನ್ನು ಕಂಡು ವೇಗ ತಗ್ಗಿಸಿದ. ಅದರ ಹಿಂಬದಿಯಲ್ಲಿ ದೀಪವಿರಲಿಲ್ಲ.